ಕಿರುದೆರೆಯಿಂದ ಕಿರುತೆರೆಗೆ

ಬೆಂಗಳೂರಿನ ತ್ಯಾಗರಾಜನಗರದಿಂದ ಯಡಿಯೂರು ಕೆರೆಗೆ ನಡೆದೇ ಹೋಗಬಹುದು. ಆಷಾಢದ ಸಂಜೆ ಅಲ್ಲಿ ಗಾಳಿಗೆ ಎದುರಾಗಿ ನಿಂತರೆ ನೀರಿನ ಮೈ ಇದ್ದಕ್ಕಿದ್ದಂತೆ ನವಿರಾಗಿ ಸುಕ್ಕುಗಟ್ಟುವುದು ಕಾಣುತ್ತದೆ. ಗಾಳಿ ನಿಂತೊಡನೆ ಆ ಸುಕ್ಕು ಮಾಯ. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ಕೆರೆ ಸುತ್ತು ಹಾಕುವವರನ್ನು ಕೇಳಿದರೆ ಹೆಚ್ಚಿನವರು 'ಅಲೆ' ಎಂದಾರು. ಇನ್ನು ಕೆಲವರು 'ಸಣ್ಣ ಅಲೆ' ಎಂದಾರು. ಇಂಗ್ಲಿಷ್ ಶಾಲೆಯ ಮಗುವಾದರೆ 'ರಿಪ್ಪಲ್' ಎಂದು ಥಟ್ಟನೆ ಹೇಳೀತು. ಮಲ್ಪೆಯ ಕಡಲಲ್ಲಿ ದೋಣಿ ಮಗುಚುವುದೂ ಅಲೆಯೇ, ಯಡಿಯೂರು ಕೆರೆಯಲ್ಲಿ ತರಗೆಲೆಯನ್ನು ಅಲ್ಲಾಡಿಸುವುದೂ ಅಲೆಯೇ ಎಂದಾದರೆ ಕನ್ನಡ ಬಡ ಭಾಷೆ ಎಂಬ ಅನುಮಾನ ಯಾರಿಗಾದರೂ ಬರಬಹುದು.

ಆದರೆ ಕನ್ನಡಕ್ಕೆ ಆ ಪದ ಇತ್ತು. ಅದು ಕಿರುದೆರೆ. ಕಿರಿದಾದ ತೆರೆ ಎಂಬುದು ಅದರ ನೇರ ಅರ್ಥ. ದೊಡ್ಡದಕ್ಕೆ ಹೆದ್ದೆರೆ, ಚಿಕ್ಕದಕ್ಕೆ ಕಿರುದೆರೆ. ಅದೇ ಪದ ಒಂದೇ ಒಂದು ಅಕ್ಷರ ಬದಲಿಸಿಕೊಂಡು ಇಂದು ಮನೆಮನೆಯ ಹಜಾರದಲ್ಲಿ ಕುಳಿತಿದೆ. ಟಿವಿಗೆ ಪತ್ರಿಕೆಗಳು ಕೊಟ್ಟಿರುವ ಹೆಸರು ಕಿರುತೆರೆ. ನೀರಿನ ಮೇಲಿನ ಸುಕ್ಕು ಗಾಜಿನ ಮೇಲಿನ ಚಿತ್ರವಾದದ್ದು ಹೇಗೆ ಎಂಬ ಕಥೆಯಲ್ಲಿ ಮುಪ್ಪಿನ ಗಲ್ಲ, ಯಕ್ಷಗಾನದ ರಂಗಸ್ಥಳ, ಹಳೆಯ ಅರಸರ ಸುಂಕದ ಕಟ್ಟೆ, ಕೊನೆಗೆ ಸರ್ ಸಿ.ವಿ. ರಾಮನ್ನರ ಪ್ರಯೋಗಶಾಲೆ ಎಲ್ಲವೂ ಬಂದುಹೋಗುತ್ತವೆ.

ಇಂಥ ಕಥೆಗಳನ್ನು ಹೇಳಲು ಇದೇ ದಕ್ಷಿಣ ಬೆಂಗಳೂರಿನಲ್ಲಿ ಒಬ್ಬರಿದ್ದರು. ಜಯನಗರದಲ್ಲಿ ನೆಲೆಸಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ ಬಹುಕಾಲ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದ ಸಂಶಯಗಳಿಗೆ ಉತ್ತರ ಕೊಡುತ್ತಿದ್ದರು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು ನೂರನ್ನು ದಾಟಿದ ಮೇಲೂ ನಿಘಂಟಿನ ಕೆಲಸ ಬಿಟ್ಟವರಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ಅವರು ದುಡಿದದ್ದು ಬಹುಕಾಲ. 1970ರಲ್ಲಿ ಮೊದಲ ಸಂಪುಟ ಬಂದ ಆ ನಿಘಂಟು ಮುಗಿದದ್ದು 1995ರಲ್ಲಿ, ಎಂಟನೆಯ ಸಂಪುಟದೊಂದಿಗೆ. ಒಂದು ಪದವನ್ನು ಯಾವ ಶಾಸನ, ಯಾವ ಕಾವ್ಯ ಯಾವ ಅರ್ಥದಲ್ಲಿ ಬಳಸಿತು ಎಂಬುದನ್ನು ಪ್ರಯೋಗ ಸಮೇತ ತೋರಿಸುವುದು ಅದರ ಹೆಚ್ಚುಗಾರಿಕೆ. ಅದಕ್ಕೂ ಮೊದಲು, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಿಸಿದ ಫರ್ಡಿನೆಂಡ್ ಕಿಟ್ಟೆಲರ ನಿಘಂಟು ಇದೆ. ಇಂಥ ಕೋಶಗಳಲ್ಲಿ 'ತೆರೆ' ಎಂಬಲ್ಲಿಗೆ ಬಂದರೆ ಓದುಗ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕಾಗುತ್ತದೆ. ಅಲ್ಲಿ ಎದುರಾಗುವುದು ಒಂದು ತೆರೆಯಲ್ಲ, ಹಲವು.

ಮೊದಲು ನೀರಿನ ತೆರೆಯನ್ನೇ ತೆಗೆದುಕೊಳ್ಳೋಣ. ತೆರೆ ಎಂದರೆ ಅಲೆ. ತೆರೆ ಎಂದರೆ ಚರ್ಮದ ಸುಕ್ಕು. ತೆರೆ ಎಂದರೆ ಬಟ್ಟೆಯ ಪರದೆ. ಮೂರಕ್ಕೂ ಏನು ಸಂಬಂಧ? ತಮಿಳಿನ 'ತಿರೈ' ಎಂಬ ಸೋದರ ಪದವನ್ನು ಪಕ್ಕದಲ್ಲಿಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ. ಅಲ್ಲಿ ಅದು ಕ್ರಿಯಾಪದವೂ ಹೌದು. ಸುಕ್ಕುಗಟ್ಟು, ಸುರುಳಿಯಾಗು, ಮಡಿಕೆ ಬೀಳು ಎಂಬ ಅರ್ಥಗಳು ಅದಕ್ಕಿವೆ. ಮೂಲ ಕಲ್ಪನೆ ಮಡಿಕೆಯದು. ನೀರಿನ ಮೈ ಮಡಿಕೆ ಬಿದ್ದರೆ ಅಲೆ, ಮನುಷ್ಯನ ಮೈ ಮಡಿಕೆ ಬಿದ್ದರೆ ಸುಕ್ಕು, ಮಡಿಚಿ ಸುತ್ತಿಡಬಹುದಾದ ಬಟ್ಟೆ ಪರದೆ. ಕನ್ನಡದಲ್ಲಿ 'ನರೆತೆರೆ' ಎಂಬ ಜೋಡಿ ಪದವಿದೆ. ನರೆ ಎಂದರೆ ಬಿಳಿಗೂದಲು, ತೆರೆ ಎಂದರೆ ಸುಕ್ಕು. ಮುಪ್ಪು ಬರುವ ಮೊದಲೇ ಎಚ್ಚರಾಗು ಎನ್ನುವ ಬಸವಣ್ಣನವರ ಪ್ರಸಿದ್ಧ ವಚನ ಮುದಿತನದ ಗುರುತಾಗಿ ಮೊದಲು ಹಿಡಿಯುವುದು ಈ ಜೋಡಿಯನ್ನೇ. ಶಾಲೆಯಲ್ಲಿ ಆ ವಚನ ಓದುವ ಮಕ್ಕಳು ಗಲ್ಲಕ್ಕೂ ಪರದೆಗೂ ಏನು ನಂಟು ಎಂದು ತಲೆ ಕೆರೆದುಕೊಳ್ಳುವುದುಂಟು. ಮೇಷ್ಟರು ಒಂದು ಸಲ ಕೆರೆದಂಡೆಗೆ ಕರೆದುಕೊಂಡು ಹೋದರೆ ವಿವರಣೆ ಬೇಕಾಗದು.

ಇಲ್ಲಿಯವರೆಗೆ ಸರಿ. ಆದರೆ ಕನ್ನಡದಲ್ಲಿ ಬಾಗಿಲನ್ನೂ 'ತೆರೆ'ಯುತ್ತೇವೆ. ಶಾಸನಗಳಲ್ಲಿ ಪ್ರಜೆಗಳು ಅರಸನಿಗೆ 'ತೆರೆ' ಕೊಡುತ್ತಾರೆ. ಇಂದಿನ 'ತೆರಿಗೆ', 'ದಂಡ ತೆತ್ತ' ಎಂಬ ಮಾತುಗಳು ಈ ಕುಲದವು. ಮುಚ್ಚುವ ಪರದೆಯೂ ತೆರೆ, ತೆಗೆಯುವ ಕ್ರಿಯೆಯೂ ತೆರೆ. 'ತೆರೆ ತೆರೆಯಿತು' ಎಂದರೆ ನಾಟಕ ಶುರುವಾಯಿತು ಎಂದರ್ಥ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹಳಗನ್ನಡದವರಿಗೆ ಈ ತೊಡಕು ಇರಲೇ ಇಲ್ಲ. ಅವರ ಬಳಿ ಎರಡು 'ರ' ಇದ್ದವು.

ಒಂದು ನಾವು ಇಂದು ಬರೆಯುವ ರ. ಇನ್ನೊಂದು ವ್ಯಾಕರಣಕಾರರು 'ಶಕಟರೇಫ' ಎಂದು ಕರೆದ ಱ. ಇದರ ಉಚ್ಚಾರ ಒರಟು, ನಾಲಗೆಯ ಒತ್ತು ಹೆಚ್ಚು. ಅಲೆ, ಸುಕ್ಕು, ಪರದೆ ಎಂಬ ಅರ್ಥದ ತೆರೆಗೆ ಸಾಮಾನ್ಯ ರ. ಬಾಗಿಲು ತೆಱೆಯುವುದಕ್ಕೂ ಅರಸನ ತೆಱೆಗೂ ಒರಟು ಱ. ಕಿವಿಗೆ ಅವು ಬೇರೆಯಾಗಿಯೇ ಕೇಳುತ್ತಿದ್ದವು. ಕವಿಗಳು ಪ್ರಾಸ ಕೂಡಿಸುವಾಗ ಸಾಮಾನ್ಯವಾಗಿ ಇವೆರಡನ್ನೂ ಬೆರೆಸುತ್ತಿರಲಿಲ್ಲ. ಯಾವ ಪದದಲ್ಲಿ ಯಾವ ರ ಇತ್ತು ಎಂದು ವಿದ್ವಾಂಸರು ಇಂದು ಪತ್ತೆ ಹಚ್ಚುವುದಕ್ಕೆ ಆ ಪ್ರಾಸಗಳು ಒಂದು ಸಾಕ್ಷಿ. ಸ್ವಾರಸ್ಯವೆಂದರೆ 'ಕೆರೆ' ಎಂಬ ಪದದಲ್ಲಿದ್ದದ್ದು ಒರಟು ಱ. ಇಂದಿನ ಚುಟುಕು ಕವಿ ಕೆರೆಗೂ ತೆರೆಗೂ ಸಲೀಸಾಗಿ ಪ್ರಾಸ ಹಾಕುತ್ತಾನೆ. ಪಂಪನ ಕಾಲದ ಕಿವಿಗೆ ಕೆಱೆಯ ಜೊತೆ ಕೂಡುತ್ತಿದ್ದದ್ದು ಅಲೆಯ ತೆರೆಯಲ್ಲ, ಸುಂಕದ ತೆಱೆ! ನೀರಿನ ತೆರೆಗೆ ಜೊತೆಯಾಗಿದ್ದವು ನೊರೆ ಮತ್ತು ನರೆ.

ಈ ಒರಟು ಱ ಕನ್ನಡದಿಂದ ಒಂದೇ ದಿನದಲ್ಲಿ ಹೋದದ್ದಲ್ಲ. ಮೊದಲು ಬಾಯಿಂದ ಜಾರಿತು, ಆಮೇಲೆ ಬರೆಯುವವರ ಕೈಯಿಂದ. ಶಾಸನಗಳಲ್ಲಿ ಎರಡು ರಕಾರಗಳೂ ಅದಲುಬದಲಾಗತೊಡಗಿದವು. ಕೊನೆಗೆ ಅಕ್ಷರಮಾಲೆಯಿಂದಲೇ ಅದು ಬಿದ್ದುಹೋಯಿತು. ತಮಿಳು, ಮಲಯಾಳಗಳು ಅದನ್ನು ಇಟ್ಟುಕೊಂಡಿವೆ. ಕಾಸರಗೋಡಿನ ಕನ್ನಡಿಗರಿಗೆ ಇದು ಪುಸ್ತಕದ ಸಂಗತಿಯಲ್ಲ. ಮಲಯಾಳ ಬರೆಯಲು ಕಲಿತ ಅಲ್ಲಿನ ಮಗುವಿಗೆ ಅಲೆ ಎಂಬರ್ಥದ 'ತಿರ' ಒಂದು ಅಕ್ಷರದಿಂದ, 'ತೆರೆ' ಎಂಬುದಕ್ಕೆ ಸಮನಾದ 'ತುಱಕ್ಕುಗ' ಇನ್ನೊಂದು ಅಕ್ಷರದಿಂದ ಎಂದು ಚೆನ್ನಾಗಿ ಗೊತ್ತು. ಕನ್ನಡದ ಮನೆಯಲ್ಲಿ ಕಳೆದುಹೋದದ್ದು ನೆರೆಮನೆಯ ಪಾಠದಲ್ಲಿ ಅದಕ್ಕೆ ಸಿಗುತ್ತದೆ.

ಅಕ್ಷರ ಹೋದದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಎಂದೇ ಹೇಳಬೇಕು. ಬಾಗಿಲು ತೆರೆ ಎಂದರೆ ಯಾರೂ ಬಾಗಿಲಿಗೆ ಅಲೆ ಬಂತೆಂದು ತಿಳಿಯುವುದಿಲ್ಲ. ಹಳೆಯ ಕಾಗದ, ಕಲ್ಲು ಓದುವವರಿಗೆ ಮಾತ್ರ ಅಲ್ಲಲ್ಲಿ ಕಾಲು ಜಾರುತ್ತದೆ. ಶಾಸನಗಳ ತೆರಿಗೆ ಪಟ್ಟಿಯಲ್ಲಿ ಮನೆದೆರೆ, ಮದುವೆದೆರೆ, ಮಗ್ಗದೆರೆ, ಗಾಣದೆರೆ ಬರುತ್ತವೆ. ಮನೆಗೆ, ಮದುವೆಗೆ, ನೇಯ್ಗೆಯ ಮಗ್ಗಕ್ಕೆ, ಎಣ್ಣೆಯ ಗಾಣಕ್ಕೆ ಹಾಕಿದ ತೆರಿಗೆಗಳು ಇವು. ಆ ಸಾಲಿನಲ್ಲೇ ಬರುತ್ತದೆ ಕಿರುದೆರೆ. ಅದು ಅಲೆಯಲ್ಲ, ಚಿಲ್ಲರೆ ತೆರಿಗೆ. ಅದರ ಪಕ್ಕದಲ್ಲಿ ಹಲವು ಸಲ ಇರುವ ಇನ್ನೊಂದು ಸಣ್ಣ ಬಾಬಿನ ಹೆಸರು 'ಕಿರುಕುಳ'. ಆ ಪದ ಇಂದು ಯಾವ ಅರ್ಥದಲ್ಲಿ ಚಲಾವಣೆಯಲ್ಲಿದೆ ಎಂಬುದನ್ನು ಸುಂಕ ಕಟ್ಟಿದವರಿಗೆ ಹೇಳಬೇಕಾಗಿಲ್ಲ.

ಈ ಎರಡು ತೆರೆಗಳು, ಅಂದರೆ ನೀರಿನದು ಮತ್ತು ಅರಸನದು, ನಿಘಂಟಿನಲ್ಲಿ ಬೇರೆಬೇರೆಯಾದರೂ ನೆಲದ ಮೇಲೆ ಒಂದು ಕಡೆ ಎದುರಾಗುತ್ತಿದ್ದವು. ಅದು ಕೆರೆಯ ಏರಿ. ಕೆರೆಯನ್ನು ಕೆಡಿಸುವುದು ಪ್ರವಾಹ ಮಾತ್ರ ಎಂಬ ನಂಬಿಕೆ ಸಾಮಾನ್ಯ. ಪ್ರವಾಹ ವರ್ಷಕ್ಕೊಮ್ಮೆ ಬಂದೀತು, ಇಲ್ಲವೇ ಹತ್ತು ವರ್ಷಕ್ಕೊಮ್ಮೆ. ಗಾಳಿ ಎಬ್ಬಿಸುವ ತೆರೆ ದಿನವಿಡೀ ಏರಿಯ ಒಳಮೈಯನ್ನು ನೆಕ್ಕುತ್ತಲೇ ಇರುತ್ತದೆ. ನೀರಿನ ಹರವು ಉದ್ದವಾದಷ್ಟೂ ಗಾಳಿಗೆ ತೆರೆಯನ್ನು ಬೆಳೆಸಲು ಜಾಗ ಹೆಚ್ಚು. ಈ ದಂಡೆಯಲ್ಲಿ ಕಿರುದೆರೆಯಾಗಿ ಹೊರಟದ್ದು ಆ ದಂಡೆ ಮುಟ್ಟುವ ಹೊತ್ತಿಗೆ ಮಣ್ಣನ್ನು ಕಡಿಯುವಷ್ಟು ಬಲಿತಿರುತ್ತದೆ. ಅದಕ್ಕಾಗಿಯೇ ಹಳೆಯ ಕೆರೆಗಳ ಏರಿಯ ನೀರಿನ ಕಡೆಗೆ ಕಲ್ಲು ಹೊದಿಸುತ್ತಿದ್ದರು. ಕಲ್ಲು ಜರುಗಿದರೆ ಮತ್ತೆ ಜೋಡಿಸಬೇಕು, ಮಣ್ಣು ಕುಸಿದರೆ ತುಂಬಬೇಕು, ಹೂಳು ತೆಗೆಯಬೇಕು. ಇದಕ್ಕೆಲ್ಲ ಖರ್ಚು ಎಲ್ಲಿಂದ? ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಕೊಡಗೆಯಾಗಿ ಭೂಮಿ ಬಿಡುತ್ತಿದ್ದರು. 'ಕಟ್ಟುಗೊಡಗೆ', 'ಬಿತ್ತುವಟ್ಟ' ಎಂಬ ಪದಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಈ ವ್ಯವಸ್ಥೆಯ ಹೆಸರಾಗಿ. ಅಂಥ ಭೂಮಿಯಿಂದ ಅರಸನಿಗೆ ಬರಬೇಕಾದ ತೆಱೆಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಬಿಟ್ಟುಕೊಡುತ್ತಿದ್ದರು. ಅರಸ ಒಂದು ತೆಱೆಯನ್ನು ಬಿಟ್ಟದ್ದರಿಂದ ಊರು ಇನ್ನೊಂದು ತೆರೆಯನ್ನು ತಡೆಯಲು ಸಾಧ್ಯವಾಯಿತು. ಇದು ಪದಚಮತ್ಕಾರವಲ್ಲ, ದಕ್ಷಿಣ ಕರ್ನಾಟಕದ ಕೃಷಿ ನಿಂತಿದ್ದದ್ದೇ ಈ ಲೆಕ್ಕದ ಮೇಲೆ. ಕೊಡಗೆಯ ಭೂಮಿ, ತೂಬು ಕಾಯುವ ನೀರುಗಂಟಿ ಇವರೆಲ್ಲ ಸರಿದ ಮೇಲೆ ಕೆರೆಗಳಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನು ಬಟ್ಟೆಯ ತೆರೆ. ಕರಾವಳಿಯ ಯಕ್ಷಗಾನದಲ್ಲಿ ಇದು ಇಂದಿಗೂ ತನ್ನ ಹಳೆಯ ಅರ್ಥದಲ್ಲಿ ಬದುಕಿದೆ. ಅಲ್ಲಿ ತೆರೆಗೆ ಹಗ್ಗವಿಲ್ಲ, ಕಂಬವಿಲ್ಲ. ಇಬ್ಬರು ಎರಡು ತುದಿ ಹಿಡಿದು ನಿಲ್ಲುತ್ತಾರೆ. ಬಣ್ಣದ ವೇಷ ಅದರ ಹಿಂದೆ ಕುಣಿಯುತ್ತದೆ. ಪ್ರೇಕ್ಷಕನಿಗೆ ಮೊದಲು ಕಾಣುವುದು ಕಿರೀಟದ ಮೇಲುಭಾಗ, ಆಮೇಲೆ ಒಂದಿಷ್ಟು ಮುಖ, ಮತ್ತೆ ಮರೆ. ಚೆಂಡೆಯ ಪೆಟ್ಟಿಗೆ ತೆರೆ ಏರುತ್ತದೆ, ಇಳಿಯುತ್ತದೆ, ಅದುರುತ್ತದೆ. ದೀವಟಿಗೆಯ ಬೆಳಕಿನಲ್ಲಿ ಇದನ್ನು ನೋಡಿದ ಕಾಲದವರಿಗೆ ಬಟ್ಟೆಯ ತೆರೆಯೂ ನೀರಿನ ತೆರೆಯೂ ಒಂದೇ ಪದವಾದದ್ದು ಏಕೆಂದು ಕೇಳುವ ಪ್ರಸಂಗವೇ ಬರಲಿಲ್ಲ. ಮದುವೆ ಮಂಟಪದಲ್ಲಿ ವಧೂವರರ ನಡುವೆ ಹಿಡಿಯುವ ಅಂತರಪಟವೂ ಇಂಥದೇ ಕೈತೆರೆ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳು ತೆರೆಯನ್ನು ಮೇಲಕ್ಕೆ ಕಟ್ಟಿದವು. ಅದರ ಮೇಲೆ ಅರಮನೆ, ಕಾಡು, ಬೀದಿಗಳ ಚಿತ್ರ ಬಿಡಿಸಿದವು. ಆ ಹೊತ್ತಿಗೆ 'ಪರದೆ' ಎಂಬ ಫಾರ್ಸಿ ಮೂಲದ ಪದ ಮನೆಯ ಬಾಗಿಲು ಕಿಟಕಿಗಳನ್ನು ಆಕ್ರಮಿಸಿಕೊಂಡಿತ್ತು. ರಂಗಭೂಮಿಯನ್ನೂ ಅದು ಹಂಚಿಕೊಂಡಿತು. ಆದರೆ ತೆರೆ ಎಳೆ, ತೆರೆ ಬೀಳು, ತೆರೆಮರೆ ಎಂಬ ನುಡಿಗಟ್ಟುಗಳನ್ನು ಕದಲಿಸಲು ಅದಕ್ಕೆ ಆಗಲಿಲ್ಲ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಿಡುಗಡೆಯಾಯಿತು. ಚಲನಚಿತ್ರದ ಬಿಳಿ ಬಟ್ಟೆಗೆ ಹೆಸರು ಹುಡುಕುವ ಕಷ್ಟ ಕನ್ನಡಕ್ಕೆ ಬರಲಿಲ್ಲ. ಮರೆಮಾಡುತ್ತಿದ್ದ ತೆರೆ ಈಗ ತೋರಿಸುವ ತೆರೆಯಾಯಿತು. ಅರ್ಥ ತಲೆಕೆಳಗಾದರೂ ಯಾರೂ ಗಮನಿಸಲಿಲ್ಲ. ಇಂಗ್ಲಿಷಿನ 'ಸ್ಕ್ರೀನ್' ಎಂಬ ಪದಕ್ಕೂ ಇದೇ ಗತಿ ಆಗಿದೆ ಎಂಬುದು ಬೇರೆ ಮಾತು. ಬೆಳ್ಳಿತೆರೆ ಎಂಬ ಸಮಾಸ ಹುಟ್ಟಿತು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಬಂದ ಮೇಲೆ 'ಹೊಸ ಅಲೆಯ ಚಿತ್ರ' ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡಿತು. ಫ್ರೆಂಚರಿಂದ ಬಂದ ಹೆಸರು ಅದು. ತೆರೆಯ ಮೇಲೆ ಅಲೆ ಬಂತು ಎಂದು ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ.

ಟೆಲಿವಿಷನ್ ಕರ್ನಾಟಕದ ಹಳ್ಳಿಗಳಿಗೆ ಬಂದದ್ದು 1975ರ ಆಗಸ್ಟ್‌ನಲ್ಲಿ ಆರಂಭವಾದ, ಉಪಗ್ರಹದ ಮೂಲಕ ಬೋಧನೆ ನಡೆಸುವ ಒಂದು ವರ್ಷದ ಪ್ರಯೋಗದೊಂದಿಗೆ. ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳೂ ಇದ್ದವು. 1980ರ ದಶಕದಲ್ಲಿ ಬೆಂಗಳೂರಿನ ಮನೆಗಳಿಗೆ ಪೆಟ್ಟಿಗೆ ಬಂತು. ಹಿರಿಯ ತೆರೆ ಚಿತ್ರಮಂದಿರದಲ್ಲಿದ್ದುದರಿಂದ ಇದು ಕಿರುತೆರೆ. ತಮಿಳರು 'ಚಿನ್ನತ್ತಿರೈ' ಎಂದರು, ತೆಲುಗರು 'ಬುಲ್ಲಿತೆರ' ಎಂದರು. ಮೂರು ಭಾಷೆಗಳೂ ಒಂದೇ ಹಳೆಯ ಪದವನ್ನು ಒಂದೇ ರೀತಿ ಚಿಕ್ಕದು ಮಾಡಿಕೊಂಡದ್ದು ಗಮನಿಸಬೇಕಾದ ಸಂಗತಿ.

ಇಲ್ಲೊಂದು ವ್ಯಾಕರಣದ ತಕರಾರು ಇದೆ. ಎರಡು ಕನ್ನಡ ಪದ ಕೂಡಿದಾಗ ಎರಡನೆಯದರ ಮೊದಲ ಕ, ತ, ಪಗಳು ಸಾಮಾನ್ಯವಾಗಿ ಗ, ದ, ಬ ಆಗುತ್ತವೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಆದೇಶ ಸಂಧಿ ಎಂದು ಎಂಟನೆಯ ತರಗತಿಯ ಮಗು ಉರು ಹೊಡೆಯುವುದು ಇದನ್ನೇ. ಹಾಗಾದರೆ ಕಿರು ಮತ್ತು ತೆರೆ ಸೇರಿ ಕಿರುದೆರೆ ಆಗಬೇಕು. ಹಳಬರು ಹಾಗೆಯೇ ಹೇಳಿದರು. ಹೊಸಬರು ಸಂಧಿ ಮಾಡದೆ ಕಿರುತೆರೆ ಎಂದರು. ಹೊಸಗನ್ನಡ ಇಂಥ ಜೋಡಣೆಗಳಲ್ಲಿ ಸಂಧಿಯನ್ನು ಕೈಬಿಡುವುದು ಹೆಚ್ಚು, ಬೆಳ್ಳಿತೆರೆಯೂ ಬೆಳ್ಳಿದೆರೆ ಆಗಲಿಲ್ಲ. ಪಂಡಿತರು ತಪ್ಪು ಎಂದರೂ ಇದರಿಂದ ಒಂದು ಉಪಕಾರವಾಗಿದೆ. ಕಿರುದೆರೆ ಎಂಬ ರೂಪ ನೀರಿಗೆ ಮೀಸಲಾಗಿ ಉಳಿದಿದೆ, ಬಳಸುವವರಿದ್ದರೆ.

ಬಳಸಬೇಕಾದವರು ಮುಖ್ಯವಾಗಿ ವಿಜ್ಞಾನ ಬರೆಯುವವರು. ಅವರು ಬೇರೆ ದಾರಿ ಹಿಡಿದರು. ಸಂಸ್ಕೃತದ 'ತರಂಗ' ಅವರಿಗೆ ಒಗ್ಗಿತು. ಅದೇನೂ ಹೊಸ ಪದವಲ್ಲ. ಕಲ್ಹಣನ 'ರಾಜತರಂಗಿಣಿ'ಯ ಎಂಟು ಅಧ್ಯಾಯಗಳ ಹೆಸರೇ ತರಂಗ. ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ ನುಡಿಸುವ ವಾದ್ಯ ಜಲತರಂಗ. ಮಣಿಪಾಲದಿಂದ 1983ರಲ್ಲಿ ಹೊರಟ ವಾರಪತ್ರಿಕೆಯ ಹೆಸರೂ 'ತರಂಗ'. ರೇಡಿಯೋ ಬಂದಾಗ 'ತರಂಗಾಂತರ' ಎಂಬ ಪದ ಎಲ್ಲರ ಕಿವಿಗೆ ಬಿತ್ತು. ಎರಡು ಅಲೆಗಳ ನಡುವಣ ಅಂತರ ಎಂಬುದು ಅದರ ಅಕ್ಷರಾರ್ಥ. ಆಮೇಲೆ ಅದೇ ಪದವನ್ನು ಕಂಪನದ ಸಂಖ್ಯೆಗೂ ಬಳಸಿದರು. ಮೊಬೈಲ್ ಕಂಪನಿಗಳಿಗೆ 2ಜಿ ಹಂಚಿಕೆಯ ವಿವಾದವೆದ್ದಾಗ ಪತ್ರಿಕೆಗಳು ಹರಾಜಿಗಿಡುವ ಇಡೀ ವರ್ಣಪಟಲಕ್ಕೂ ಅದನ್ನೇ ಬಳಸಿದವು. ಮೂರು ಬೇರೆ ಅಳತೆಗಳಿಗೆ ಒಂದೇ ಪದ! ತೆರೆಯ ನಾಲ್ಕು ಅರ್ಥಗಳಿಗೆ ಆಕ್ಷೇಪ ಎತ್ತುವವರು ಇದನ್ನೂ ನೆನೆಯಬೇಕು.

ಅಲೆಗೂ ಕಿರುದೆರೆಗೂ ಇರುವ ವ್ಯತ್ಯಾಸ ಬರಿಯ ಗಾತ್ರದ್ದಲ್ಲ ಎಂಬುದನ್ನು ವಿಜ್ಞಾನವೇ ತೋರಿಸಿಕೊಟ್ಟಿದೆ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1871ರಲ್ಲಿ ಇದನ್ನು ವಿವರಿಸಿದರು. ಎದ್ದ ನೀರನ್ನು ಮತ್ತೆ ಸಮಮಾಡುವ ಬಲಗಳು ಎರಡು. ಒಂದು ಭೂಮಿಯ ಸೆಳೆತ. ಇನ್ನೊಂದು ನೀರಿನ ಮೇಲ್ಮೈಯನ್ನು ಬಿಗಿಯಾಗಿ ಹಿಡಿದಿರುವ ಎಳೆತ. ಹನಿಯನ್ನು ದುಂಡಗೆ ಇಡುವುದು, ನೀರಹುಳುವನ್ನು ಮುಳುಗದಂತೆ ನಿಲ್ಲಿಸುವುದು ಇದೇ ಎಳೆತ. ಒಂದು ತೆರೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಸುಮಾರು 1.7 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಭೂಮಿಯ ಸೆಳೆತದ್ದೇ ಮೇಲುಗೈ, ಅದು ಅಲೆ. ಕಡಿಮೆಯಿದ್ದರೆ ಮೇಲ್ಮೈ ಎಳೆತದ್ದು, ಅದು ರಿಪ್ಪಲ್. ಈ ಗಡಿಯಲ್ಲಿರುವ ತೆರೆಯೇ ಎಲ್ಲಕ್ಕಿಂತ ನಿಧಾನ, ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್. ಅಲ್ಲಿಂದಾಚೆ ತೆರೆ ಉದ್ದವಾದಷ್ಟೂ ವೇಗ ಹೆಚ್ಚು. ಈಚೆ ಮಾತ್ರ ವಿಚಿತ್ರ, ಕಿರಿದಾದಷ್ಟೂ ವೇಗ ಹೆಚ್ಚು. ಎರಡಕ್ಕೂ ಬೇರೆ ಹೆಸರು ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು.

ಬೆಂಗಳೂರು ಈ ಕಥೆಗೆ ಸೇರಿಕೊಳ್ಳುವುದು 1935ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ರಾಮನ್ ಇಲ್ಲಿಗೆ ಬಂದು ಆಗ ಎರಡು ವರ್ಷ. ಗಾಜಿನ ತೊಟ್ಟಿಯ ದ್ರವದಲ್ಲಿ ಕಿವಿಗೆ ಕೇಳಿಸದ ಸೂಕ್ಷ್ಮ ಶಬ್ದವನ್ನು ಹಾಯಿಸಿ, ಅದಕ್ಕೆ ಅಡ್ಡಲಾಗಿ ಬೆಳಕು ಬಿಟ್ಟರೆ ಆ ಬೆಳಕು ಹಲವು ಗೆರೆಗಳಾಗಿ ಒಡೆಯುತ್ತದೆ ಎಂಬುದನ್ನು 1932ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಕಂಡಿದ್ದರು. ಕಾರಣ ಸರಿಯಾಗಿ ತಿಳಿದಿರಲಿಲ್ಲ. ರಾಮನ್ ಮತ್ತು ಅವರ ಸಹೋದ್ಯೋಗಿ ಎನ್.ಎಸ್. ನಾಗೇಂದ್ರನಾಥ್ ಕೊಟ್ಟ ಉತ್ತರ ಸರಳವಾದದ್ದು. ಶಬ್ದ ಹಾಯುವಾಗ ದ್ರವದಲ್ಲಿ ದಟ್ಟ, ವಿರಳ ಎಂಬ ಪಟ್ಟೆಗಳು ಏಳುತ್ತವೆ. ದಟ್ಟ ಪಟ್ಟೆಯಲ್ಲಿ ಬೆಳಕು ತುಸು ಹಿಂದುಳಿಯುತ್ತದೆ, ವಿರಳದಲ್ಲಿ ಮುಂದೋಡುತ್ತದೆ. ಒಳಹೋಗುವಾಗ ಚಪ್ಪಟೆಯಾಗಿದ್ದ ಬೆಳಕಿನ ಮುಖ ಹೊರಬರುವಾಗ ಸುಕ್ಕುಗಟ್ಟಿರುತ್ತದೆ. ಆ ಸುಕ್ಕನ್ನು ಲೆಕ್ಕಕ್ಕೆ ಇಳಿಸಿದರೆ ಗೆರೆಗಳ ಪ್ರಕಾಶವೂ ಸಿಗುತ್ತದೆ. 1935–36ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಡಾವಳಿಯಲ್ಲಿ ಪ್ರಕಟವಾದ ಈ ಲೇಖನಮಾಲೆಯನ್ನು ಜಗತ್ತು ಇಂದಿಗೂ ರಾಮನ್–ನಾಥ್ ಸಿದ್ಧಾಂತವೆಂದೇ ಕರೆಯುತ್ತದೆ. ಅಲೆ ಮತ್ತು ಸುಕ್ಕು ಎಂಬ ಎರಡೂ ಅರ್ಥಗಳು ಒಂದೇ ತೊಟ್ಟಿಯಲ್ಲಿ ಕೂಡಿದ್ದವು. ಇಂಗ್ಲಿಷಿನಲ್ಲಿ ಬರೆದ ರಾಮನ್ನರಿಗೆ ಎರಡು ಪದ ಬೇಕಾಯಿತು. ಕನ್ನಡದಲ್ಲಿ ಬರೆದಿದ್ದರೆ 'ತೆರೆ' ಒಂದೇ ಸಾಕಿತ್ತು.

ಬೆಂಗಳೂರಿನ ಇನ್ನೊಬ್ಬರು ಸಿ.ವಿ. ವಿಶ್ವೇಶ್ವರ. ಕನ್ನಡ ವಿದ್ವಾಂಸ ಸಿ.ಕೆ. ವೆಂಕಟರಾಮಯ್ಯನವರ ಮಗ, ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರು. ಕಪ್ಪುಕುಳಿಯನ್ನು ತಟ್ಟಿದರೆ ಏನಾಗುತ್ತದೆ ಎಂಬುದು 1970ರಲ್ಲಿ ಅವರು ಲೆಕ್ಕ ಹಾಕಿದ ಪ್ರಶ್ನೆ. ತಟ್ಟಿದ ಗಂಟೆಯಂತೆ ಅದು ತನ್ನದೇ ಆದ ಶ್ರುತಿಯಲ್ಲಿ ಮಿಡಿದು, ಬೇಗನೆ ಅಡಗುತ್ತದೆ ಎಂಬುದು ಉತ್ತರ. ಆ ಮಿಡಿತ ದೇಶಕಾಲದಲ್ಲಿ ಸಣ್ಣ ತೆರೆಯಾಗಿ ಹರಡಬೇಕು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಅಂಥ ತೆರೆಯನ್ನು ಮೊದಲ ಬಾರಿಗೆ ಹಿಡಿದವು. ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳು ಹಿಗ್ಗಿ ಕುಗ್ಗಿದ್ದು ಪ್ರೋಟಾನಿಗಿಂತ ನೂರಾರು ಪಟ್ಟು ಕಿರಿದಾದ ಅಳತೆಯಷ್ಟು. 2016ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಇದ್ದರು, ಮರುವರ್ಷದ ಜನವರಿಯಲ್ಲಿ ತೀರಿಕೊಂಡರು. ಕನ್ನಡ ಪತ್ರಿಕೆಗಳು ಅದನ್ನು ಗುರುತ್ವದ ಅಲೆ, ಗುರುತ್ವ ತರಂಗ ಎಂದೆಲ್ಲ ಬರೆದವು. ಜಗತ್ತಿನಲ್ಲಿ ಮನುಷ್ಯ ಅಳೆದ ಅತ್ಯಂತ ಕಿರಿದಾದ ತೆರೆಗಳಲ್ಲೊಂದಕ್ಕೆ ಕಿರುದೆರೆ ಎಂಬ ಸಿದ್ಧ ಪದ ಯಾರ ನೆನಪಿಗೂ ಬಂದಂತಿಲ್ಲ.

ಭೂವಿಜ್ಞಾನಿಗಳಿಗೂ ಈ ಪದ ಬೇಕು. ಬಾಗಲಕೋಟೆ, ಕಲಾದಗಿ ಸೀಮೆಯ ಮರಳು ಮೂಲದ ಕಲ್ಲುಗಳ ಹಾಸಿನ ಮೇಲೆ ನೀರಿನ ಸುಕ್ಕುಗಳು ಅಚ್ಚೊತ್ತಿದಂತೆ ಉಳಿದಿವೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರಿಸಿದ ಕಲಾದಗಿ ಶಿಲಾವರ್ಗದ ಹಳೆಯ ಪದರಗಳಿಗೆ ನೂರು ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಸುಕ್ಕಿನ ಎರಡೂ ಮಗ್ಗುಲು ಸಮವಾಗಿದ್ದರೆ ಅಲ್ಲಿ ನೀರು ಹಿಂದೆ ಮುಂದೆ ತೂಗುತ್ತಿತ್ತು ಎಂದರ್ಥ. ಒಂದು ಮಗ್ಗುಲು ಕಡಿದಾಗಿದ್ದರೆ ಪ್ರವಾಹ ಆ ದಿಕ್ಕಿಗೆ ಹರಿದಿತ್ತು. ಮೀನೂ ಇಲ್ಲದ ಕಾಲದ ಆಳವಲ್ಲದ ಕಡಲಿನ ಒಂದು ದಿನದ ನೀರಾಟ ಅಲ್ಲಿ ಕಲ್ಲಾಗಿದೆ. ವಿದ್ಯುತ್ತಿನ ಕಡೆಗೆ ಬಂದರೆ, ಹಳೆಯ ರೇಡಿಯೋದಲ್ಲಿ ಕೇಳಿಬರುತ್ತಿದ್ದ 'ಗುಂಯ್' ಎಂಬ ಸದ್ದಿಗೆ ಎಷ್ಟೋ ಸಲ ಕಾರಣ ರಿಪ್ಪಲ್. ಹಿಂದುಮುಂದಾಗಿ ಹರಿಯುವ ಮನೆಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಅದರ ಮೈಮೇಲೆ ಸೆಕೆಂಡಿಗೆ ನೂರರ ಲೆಕ್ಕದಲ್ಲಿ ಸಣ್ಣ ಏರಿಳಿತ ಉಳಿಯುತ್ತದೆ, ಕೆಪಾಸಿಟರ್ ಹಳತಾದರೆ ಅದು ಕಿವಿಗೆ ಬೀಳುತ್ತದೆ. ರಿಪೇರಿ ಅಂಗಡಿಯವರಿಗೆ ಅದು 'ಹಮ್ಮಿಂಗ್'.

'ಅಲೆ'ಯ ಪಾಡು ಬೇರೆ. ಅದು ದುಡಿದು ದುಡಿದು ಸವೆದಿದೆ. ಚುನಾವಣೆ ಬಂದರೆ ಅನುಕಂಪದ ಅಲೆ, ಆಡಳಿತ ವಿರೋಧಿ ಅಲೆ. 2021ರ ಬೇಸಗೆಯಲ್ಲಿ 'ಎರಡನೇ ಅಲೆ' ಎಂದರೆ ಯಾರೂ ಕಡಲನ್ನು ನೆನೆಯಲಿಲ್ಲ. ಆಮ್ಲಜನಕದ ಸಿಲಿಂಡರಿಗೆ ಅಲೆದವರಿಗೆ ಆ ಪದ ಈಗಲೂ ಬೇರೆಯೇ ಆಗಿ ಕೇಳುತ್ತದೆ. ಒಂದು ಕಡೆ ನಡೆದದ್ದರ ಪರಿಣಾಮ ಸುತ್ತಲೂ ಹರಡುವುದಕ್ಕೆ ಅರ್ಥಶಾಸ್ತ್ರದವರು ರಿಪ್ಪಲ್ ಎಂದರೆ ಕನ್ನಡದಲ್ಲಿ ಅದೂ ಅಲೆಯೇ ಆಗುತ್ತದೆ. ಸಣ್ಣದಾಗಿ ಹೊರಟು ದೂರ ಮುಟ್ಟುವ ಗುಣ ಆ ಅನುವಾದದಲ್ಲಿ ಕಳೆದುಹೋಗುತ್ತದೆ.

ಪದ ಮರೆತದ್ದಕ್ಕೆ ಜನರನ್ನು ದೂರುವಂತಿಲ್ಲ. ದಿನವೂ ಕಾಣುವುದಕ್ಕೆ ಮಾತ್ರ ನಾಲಗೆಯಲ್ಲಿ ಹೆಸರು ಉಳಿಯುತ್ತದೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ತ್ಯಾಗರಾಜನಗರಕ್ಕೆ ಸಮೀಪದ ಬಸವನಗುಡಿಯಲ್ಲಿದ್ದ ಕಾರಂಜಿ ಕೆರೆ ಈಗ ಕಾರಂಜಿ ಆಂಜನೇಯ ದೇವಸ್ಥಾನದ ಹೆಸರಿನಲ್ಲಿ ಮಾತ್ರ ಉಳಿದಿದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಸುತ್ತಲಿದ್ದದ್ದು ಹೊಲ, ತೋಟ, ಕೆರೆಗಳ ಸೀಮೆ. ಬಡಾವಣೆಗಳ ನಡುವೆ ಯಡಿಯೂರು ಕೆರೆ ಉಳಿದದ್ದೇ ದೊಡ್ಡದು. ಸುತ್ತಲೂ ಬೇಲಿ, ಕಾಲುದಾರಿ, ಗಣಪತಿ ಬಿಡಲು ಪಕ್ಕದಲ್ಲಿ ಕಲ್ಯಾಣಿ.

ಭಾದ್ರಪದದಲ್ಲಿ ಆ ಕಲ್ಯಾಣಿಯ ಬಳಿ ಕಾಲಿಡಲು ಜಾಗವಿರುವುದಿಲ್ಲ. ತ್ಯಾಗರಾಜನಗರ, ಬನಶಂಕರಿ, ಬಸವನಗುಡಿಗಳಿಂದ ತಟ್ಟೆಯಲ್ಲಿ, ಆಟೋದಲ್ಲಿ, ಲಾರಿಯಲ್ಲಿ ಗಣಪತಿಗಳು ಬರುತ್ತವೆ. ನೀರಿಗಿಳಿದವರು ಮೂರ್ತಿಯನ್ನು ಮೂರು ಸಲ ಅದ್ದಿ ಎತ್ತಿ ಕೈಬಿಡುತ್ತಾರೆ. ಮೂರ್ತಿ ಮುಳುಗಿದ ಜಾಗದಿಂದ ಬಳೆ ಬಳೆಯಾಗಿ ಕಿರುದೆರೆಗಳು ಎದ್ದು ಕಲ್ಲಿನ ಮೆಟ್ಟಿಲು ಮುಟ್ಟುತ್ತವೆ. ದಡದಲ್ಲಿ ನಿಂತ ಮಕ್ಕಳು ಮೊಬೈಲಿನಲ್ಲಿ ಅದನ್ನು ಹಿಡಿಯುತ್ತಾರೆ. ಮನೆಯಲ್ಲೇ ಉಳಿದ ಅಜ್ಜಿಗೆ ಅದು ರಾತ್ರಿ ಕಿರುತೆರೆಯ ವಾರ್ತೆಯಲ್ಲಿ ಕಾಣಸಿಗುತ್ತದೆ.